ಅತ್ತೆ ಕೇಳಿದ್ದ ಬಿಳಿ ಡಬಲ್ ರೊಟ್ಟಿ

ದೋಸ್ತರೇ, ಮೋರಖಂಡಿಯ ನಮ್ಮ ಸೋದರತ್ತೆ ಜ್ವರ ಬಿಟ್ಟಮೇಲೂ ಏನೂ ತಿನ್ನುತ್ತಿಲ್ಲ. ನಿನ್ನೆ ಫೋನಿನಲ್ಲಿ, "ಬರೂಮುಂದ ಬಿಳೀ ಡಬಲ್ ರೊಟ್ಟಿ ತಾರೋ, ಹಾಲಾಗ ಅದ್ದಿ ತಿಂತೀನಿ" ಅಂದಿದ್ದಳು. ನಮ್ಮ ಕಡೆ ಜ್ವರದವರಿಗೆ ಒಯ್ಯುವುದೇ ಆ ಮೈದಾ ಬ್ರೆಡ್. ಮೈದಾ ಒಳ್ಳೆಯದಲ್ಲವೆಂದು ನಾನು ಇವತ್ತು ಹುಮನಾಬಾದಿನ ಬೇಕರಿಯಿಂದ ಮೊಳಕೆ ಕಾಳಿನ ಬ್ರೆಡ್ ಒಯ್ದೆ.

ಅತ್ತೆ ತುಂಡನ್ನು ತಿರುಗಿಸಿ ನೋಡಿದಳು. "ಇದ್ಯಾಕೋ ಕರ್ರಗ ಅದ?"

"ಮೊಳಕಿ ಬಂದ ಕಾಳಿಂದು ಅತ್ತಿ. ಮೈಗಿ ಭಾಳ ಛಲೋ. ಮೈದಾದಾಗ ಏನದ?"

"ರಾಶಿ ಟೈಮಿಗಿ ಮಳಿ ಬಿದ್ದು ಜ್ವಾಳ ಮೊಳಕಿ ಒಡದ್ರ ನಾವು ಎಮ್ಮಿಗಿ ಹಾಕ್ತೇವಿ. ನೀ ಅದನ್ನ ನನಗ ತಿನಸಾಕತ್ತೀಯೇನು?"

ನಾನು ನಾರಿನಂಶ, ಪ್ರೋಟೀನ್ ಎಂದು ಪಾಠ ಶುರು ಮಾಡಿದೆ. ಅತ್ತೆ ನನ್ನ ಮನಸ್ಸಿಗಾಗಿ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಹಲ್ಲಿಲ್ಲದ ಒಸಡಿಗೆ ಕಾಳು ಚುಚ್ಚಿತು. ಮೆಲ್ಲಗೆ ಹೊರಗೆ ತೆಗೆದು, "ಹಸಿವಿಲ್ಲ ಬಿಡಪ್ಪಾ. ಛಲೋದೇ ತಂದೀ" ಅಂದಳು.

ಊರ ಅಂಗಡಿಗೆ ಓಡಿದೆ. ಬಿಳಿ ಬ್ರೆಡ್ ಮುಗಿದಿತ್ತು.

ತಿರುಗಿ ಬಂದಾಗ ಅತ್ತೆಯ ಸೊಸೆ ನಾನು ತಂದಿದ್ದನ್ನು ಗೋದಲಿಗೆ ಹಾಕುತ್ತಿದ್ದಳು. ಅತ್ತೆ ಗೋಡೆಯ ಕಡೆ ಮುಖಮಾಡಿ ಹಸಿದೇ ಮಲಗಿದ್ದಳು. ಇವತ್ತು ಆ ಮನೆಯಲ್ಲಿ ಪೌಷ್ಟಿಕ ಆಹಾರ ಸಿಕ್ಕಿದ್ದು ಎಮ್ಮೆಗೆ ಮಾತ್ರ.