ಆಯುಧಪೂಜೆಗೆ ಕೂತ ಪಾಸ್‌ಪೋರ್ಟ್

ಅವ್ವನಿಗೆ ಪಾಸ್‌ಪೋರ್ಟ್ ಮಾಡಿಸುವುದು ಒಂದು ಮದುವೆ ಮಾಡಿದಷ್ಟು ರಗಳೆಯ ಕೆಲಸ ಎಂದು ನನಗೆ ಯಾರೂ ಮೊದಲೇ ಹೇಳಲಿಲ್ಲ. ಹೇಳಿದ್ದರೂ ಮಾಡಿಸುತ್ತಿದ್ದೆ, ಇನ್ನೊಂದಿಷ್ಟು ಹೆಚ್ಚು ಗೊಣಗುತ್ತಿದ್ದೆ, ಅಷ್ಟೇ. ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಎರಡು ಲೇತ್, ಒಂದು ಗ್ರೈಂಡರ್, ಕೆಲವು ಹುಡುಗರು, ಲೇತ್ ನಡೆಸುವ ಒಬ್ಬ ಹಳೇ ಟರ್ನರ್. ಮನೆ ಜಾಲಹಳ್ಳಿ ಕಡೆ. ಅಪ್ಪ ಹೋದಮೇಲೆ ಅವ್ವ ದಾವಣಗೆರೆ ಬಿಟ್ಟು ನಮ್ಮ ಜೊತೆ ಬಂದಳು. ತಂಗಿ ಮಸ್ಕತ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ಅವಳ ಗಂಡನೂ ಅಲ್ಲೇ ಒಂದು ಗೋದಾಮಿನಲ್ಲಿ.

ತಂಗಿಗೆ ಮೊದಲನೇ ಸಲ ನಿಂತ ಬಸಿರು ಆರನೇ ತಿಂಗಳಲ್ಲಿ ಹೋಯಿತು. ಗಂಡ ಶಿಫ್ಟ್‌ನಲ್ಲಿದ್ದ. ಆಸ್ಪತ್ರೆಯಿಂದ ಅವಳು ಒಬ್ಬಳೇ ಟ್ಯಾಕ್ಸಿ ಹಿಡಿದು ಮನೆಗೆ ಬಂದು, ಬಾಗಿಲು ಹಾಕಿಕೊಂಡು ಅವ್ವನಿಗೆ ಫೋನ್ ಮಾಡಿದಳು. ಅವ್ವ ಜಾಲಹಳ್ಳಿಯ ಅಡುಗೆಮನೆಯಲ್ಲಿ ಫೋನ್ ಕಿವಿಗಿಟ್ಟುಕೊಂಡು ನಿಂತೇ ಇದ್ದಳು. ಹೋಗೋಣವೆಂದರೆ ಅವಳ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಹಾಗಾಗಿ ತಂಗಿ ಮತ್ತೆ ಬಸುರಿಯಾದಳು, ವಿಮಾನ ಹತ್ತಕೂಡದೆಂದು ಡಾಕ್ಟರು ಅಂದರು ಎಂಬ ಸುದ್ದಿ ಬಂದ ದಿನವೇ ಅವ್ವ ನನ್ನೆದುರು ಬಂದು ಕೂತಳು.

"ಈ ಸಲ ಹೆರಿಗೆ ಹೊತ್ತಿಗೆ ನಾನು ಅಲ್ಲಿರಬೇಕು ನೋಡಪ್ಪ. ಅದೇನು ಕಾಗದ ಬೇಕೋ ಮಾಡ್ಸು."

ಕಾಗದಗಳು ಶುರುವಾದವು. ಆಧಾರ್ ಕಾರ್ಡಿನಲ್ಲಿ ಒಂದು ಹುಟ್ಟಿದ ದಿನ, ಮತದಾರರ ಚೀಟಿಯಲ್ಲಿ ಇನ್ನೊಂದು. ಸರಿಯಾದದ್ದು ಯಾವುದವ್ವಾ ಎಂದರೆ, "ಕಾರಹುಣ್ಣಿಮೆ ಕಳೆದ ಮೇಲೆ, ಎಮ್ಮೆ ಈದ ವಾರ" ಎಂದಳು. ಎಮ್ಮೆಯ ದಾಖಲೆ ಯಾವ ಕಚೇರಿಯಲ್ಲಿ ಸಿಗುತ್ತದೆ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು, ಕೇಳಲಿಲ್ಲ. ಊರಿನ ಶಾಲೆಯಿಂದ ಪತ್ರ ತರಿಸಿ ಅದನ್ನೂ ಸರಿ ಮಾಡಿಸಿದೆ. ವಿಚಾರಣೆಗೆ ಬಂದ ಪೊಲೀಸಪ್ಪನಿಗೆ ಅವ್ವ ಕಾಫಿ ಕೊಟ್ಟು, ಅವನ ಊರು ಹರಿಹರದ ಹತ್ತಿರ ಎಂದು ತಿಳಿದುಕೊಂಡು, ಅವನ ಮದುವೆ ಯಾಕೆ ತಡವಾಯಿತೆಂದು ವಿಚಾರಿಸಿದಳು. ವಿಚಾರಣೆ ಯಾರು ಯಾರನ್ನು ಮಾಡಿದರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅಂತೂ ಪಾಸ್‌ಪೋರ್ಟ್ ಬಂತು, ಅದರ ನಂಬರಿನ ಮೇಲೆ ವೀಸಾ ಬಂತು, ದಸರಾ ಮುಗಿದ ವಾರಕ್ಕೆ ಟಿಕೆಟ್ಟೂ ಆಯಿತು.

ಪೀಣ್ಯದ ಆಯುಧಪೂಜೆ ನೋಡದವರಿಗೆ ಒಂದು ಮಾತು ಹೇಳಬೇಕು. ಅವತ್ತು ಕಬ್ಬಿಣದ ಯಾವ ತುಂಡೂ ಬರಿ ಹಣೆಯಲ್ಲಿ ಇರುವುದಿಲ್ಲ. ಕಂಪ್ರೆಸರಿಗೆ ಬಾಳೆಕಂಬ, ಟೆಂಪೋಗೆ ಹೂವಿನ ಹಾರ, ರಸ್ತೆಯ ತುಂಬ ಒಡೆದ ಬೂದುಗುಂಬಳ. ನಮ್ಮ ಶೆಡ್ಡಿನಲ್ಲಿ ಒಂದು ಜಮಖಾನ ಹಾಸಿ ಸ್ಪ್ಯಾನರ್, ವರ್ನಿಯರ್, ಮೈಕ್ರೋಮೀಟರ್ ಎಲ್ಲ ಸಾಲಾಗಿ ಕೂರಿಸುತ್ತೇವೆ. ಪೂಜೆ ಅವ್ವನದೇ. ಅವಳದು ಒಂದು ಪದ್ಧತಿ: ಆ ವರ್ಷ ಮನೆಯವರಿಗೆ ಯಾವುದರಿಂದ ಕೆಲಸ ಆಗಬೇಕೋ ಅದು ಜಮಖಾನದ ಮೇಲೆ ಬರಬೇಕು. ದಾವಣಗೆರೆಯಲ್ಲಿದ್ದಾಗ ನನ್ನ ಎಸ್‌ಎಸ್‌ಎಲ್‌ಸಿ ಗಣಿತದ ಪುಸ್ತಕ ಹೀಗೆ ಕುಂಕುಮ ಹಚ್ಚಿಸಿಕೊಂಡಿತ್ತು. ಶೆಡ್ಡಿನ ಜಿಎಸ್‌ಟಿ ಸರ್ಟಿಫಿಕೇಟೂ ಹಚ್ಚಿಸಿಕೊಂಡಿತು. ಅದರ ಫಲ ಏನಾಯಿತೆಂದು ನಾನು ಹೇಳುವುದಿಲ್ಲ.

ಆ ವರ್ಷ ನಾನು ಹೊರಗೆ ಟೆಂಪೋ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆ. ಒಳಗೆ ಅವ್ವ ಕೈಚೀಲದಿಂದ ಪಾಸ್‌ಪೋರ್ಟ್ ತೆಗೆದು ವರ್ನಿಯರ್ ಪಕ್ಕ ಇಟ್ಟಿದ್ದಾಳೆ. ಹೊಸ ಲೆಕ್ಕದ ಪುಸ್ತಕಕ್ಕೆ ಮಾಡುವ ಹಾಗೆ, ಖಾಲಿ ಹಾಳೆಯೊಂದನ್ನು ತೆರೆದು, ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಶ್ರೀ ಎಂದು ಬರೆದಿದ್ದಾಳೆ. ಎಣ್ಣೆ ಆಚೀಚೆ ಹಾಳೆಗೂ ಇಳಿದಿದೆ. ಅಷ್ಟು ಸಾಲದು ಎಂಬಂತೆ, ಟರ್ನರ್ ಲೇತಿನ ಅಂಚಿಗೆ ತೆಂಗಿನಕಾಯಿ ಒಡೆದಾಗ ಅದರ ನೀರೆಲ್ಲ ಜಮಖಾನದ ಮೇಲೆ ಚೆಲ್ಲಿದೆ. ಮಂಗಳಾರತಿಗೆಂದು ನಾನು ಒಳಗೆ ಬಂದು ನೋಡಿದರೆ, ಚೆಂಡುಹೂವಿನ ನಡುವೆ ನೀಲಿ ಪುಸ್ತಕ ಪೂರಿಯ ಹಾಗೆ ಉಬ್ಬಿಕೊಂಡು ಕೂತಿತ್ತು.

"ಇದನ್ನ ಯಾಕ್ ತಂದೆ ಇಲ್ಲಿಗೆ?" ಎಂದೆ.

"ಇದೂ ಆಯುಧನೇ ಅಲ್ಲೇನೋ. ನನ್ನನ್ನ ಅಲ್ಲಿಗೆ ಮುಟ್ಟಿಸೋದು ಇದೇ ತಾನೆ."

ಹುಡುಗರ ಎದುರಿಗೇ ಕೂಗಾಡಿದೆ. ಗಣಪತಿ ಮಾಡೋಕೆ ಹೋಗಿ ಅವರಪ್ಪನನ್ನ ಮಾಡಿದಂಗಾಯ್ತಲ್ಲ ಎಂದೆ. ಅವ್ವ, "ಒಣಗಿದ್ರೆ ಸರಿ ಹೋಗ್ತೈತೆ ಬಿಡು" ಎಂದಳೇ ಹೊರತು ಅವಳ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಟರ್ನರ್ ಹಾಳೆಹಾಳೆಗೂ ಪೇಪರ್ ಇಟ್ಟು, ಅಳತೆ ನೋಡುವ ದಪ್ಪ ಕಲ್ಲಿನ ಹಲಗೆಯನ್ನು ಅದರ ಮೇಲೆ ಹೇರಿದ. ಮರುದಿನ ತೆಗೆದಾಗ ಪುಸ್ತಕ ಮಟ್ಟಸವಾಗಿಯೇ ಇತ್ತು. ಆದರೆ ಕೆಂಪು ಮಾತ್ರ ಹರಡಿಕೊಂಡು, ಎರಡು ಹಾಳೆ ಒಂದಕ್ಕೊಂದು ಅಂಟಿ ಹೋಗಿತ್ತು.

ಟಿಕೆಟ್ ಮಾಡಿಕೊಟ್ಟ ಟ್ರಾವೆಲ್ಸ್‌ನವನು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಸಾರ್, ಇದು ಡ್ಯಾಮೇಜ್ ಲೆಕ್ಕ. ಇಲ್ಲಿ ಬಿಟ್ರೂ ಅಲ್ಲಿ ಇಳಿದ ಮೇಲೆ ವಾಪಸ್ ಕಳಿಸಿಬಿಟ್ರೆ ಅಮ್ಮನ ಗತಿ ಏನು? ಹೊಸದು ಮಾಡಿಸ್ಬಿಡಿ. ವೀಸಾನೂ ಹೊಸದಾಗಿ ಹಾಕ್ಬೇಕಾಗುತ್ತೆ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಪೂಜಾರಿ ಅವ್ವನೇ.

ಹೊಸದಕ್ಕೆ ಅರ್ಜಿ ಹಾಕುವಾಗ ಹಳೆಯದು ಹೇಗೆ ಹಾಳಾಯಿತೆಂದು ಬರೆದು ಕೊಡಬೇಕು. ಮಳೆಯಲ್ಲಿ ನೆನೆಯಿತು ಎಂದು ಬರೆದೆ. ಸಹಿ ಹಾಕುವ ಮೊದಲು ಅವ್ವ ಓದಿಸಿಕೊಂಡಳು. "ಮಳೆ ಯಾವಾಗ ಬಂತು? ಪೂಜೆ ಮಾಡಿದ್ದಕ್ಕೆ ಸುಳ್ಳು ಯಾಕೆ ಹೇಳ್ಬೇಕು?" ಎಂದು ಪೆನ್ನು ಕೆಳಗಿಟ್ಟಳು. ಇದ್ದದ್ದನ್ನು ಇದ್ದಂತೆ ಬರೆದು ಕೊಂಡೊಯ್ದೆವು. ಕೌಂಟರಿನ ಅಧಿಕಾರಿ ಒಬ್ಬ ಹೆಂಗಸು, ಓದಿ ತಲೆಯೆತ್ತಿದರು.

"ನೀವೇ ಮಾಡಿದ್ರಾ ಅಮ್ಮ?"

"ಹೌದವ್ವ. ಮಗಳ ಬಾಣಂತನಕ್ಕೆ ಹೋಗೋದಿತ್ತು, ಅದಕ್ಕೇ."

ಅವರು ಅವ್ವನ ಹಣೆಯ ವಿಭೂತಿಯನ್ನು ಒಮ್ಮೆ ನೋಡಿ, ತುರ್ತಾಗಿ ಕೊಡುವುದು ತಮ್ಮ ಕೈಯಲ್ಲಿಲ್ಲ, ವಿಚಾರಣೆ ಮತ್ತೆ ಆಗಬೇಕು ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಅದೇ ಪೊಲೀಸಪ್ಪ ಮತ್ತೆ ಬಂದ, ಅದೇ ಲೋಟದಲ್ಲಿ ಕಾಫಿ ಕುಡಿದ. ಈ ಸಲ ಅವ್ವ ಅವನನ್ನು ಏನೂ ಕೇಳಲಿಲ್ಲ. ಮೊದಲಿನ ಟಿಕೆಟ್ಟಿನ ದಿನ ಬಂದು ಹೋಯಿತು. ಅವತ್ತು ಅವಳು ಮಧ್ಯಾಹ್ನದವರೆಗೂ ಸೂಟ್‌ಕೇಸಿನ ಖಾರದಪುಡಿ, ಬಾಣಂತಿಗೆಂದು ಕಟ್ಟಿದ ಅಂಟಿನುಂಡೆ ಎಲ್ಲ ತೆಗೆದು ಮತ್ತೆ ಡಬ್ಬಿಗೆ ಹಾಕಿದಳು.

ಹೊಸ ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲ, ತಂಗಿಯ ಗಂಡನ ಫೋನ್ ಶೆಡ್ಡಿಗೆ ಬಂತು. ಹೆಣ್ಣು ಮಗು, ದಿನ ತುಂಬುವ ಮೊದಲೇ ಆಯಿತು, ಇಬ್ಬರೂ ಚೆನ್ನಾಗಿದ್ದಾರೆ. ಬೈಕ್ ಹತ್ತಿ ಮನೆಗೆ ಬಂದೆ. ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. ಹೇಳಿದೆ.

"ಹತ್ರ ಯಾರಿದ್ರು?" ಎಂದಳು.

"ನರ್ಸ್ ಇದ್ರಂತೆ. ಅವಳ ಗಂಡ ಹೊರಗಡೆ ಇದ್ನಂತೆ."

"ಹಂಗಾದ್ರೆ ಸರಿ."

ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಇಷ್ಟು ದಿನ ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಆಗ ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗೆ ಬಹಳ ಸಂಕಟವಾಯಿತು. ಪಕ್ಕದಲ್ಲಿ ಕೂತು ನಾನೂ ಒಂದಷ್ಟು ಕಾಯಿ ಬಿಡಿಸಿದೆ.

ಪಾಸ್‌ಪೋರ್ಟ್ ಅದೇ ತಿಂಗಳು ಬಂತು. ಪೋಸ್ಟ್‌ಮ್ಯಾನ್ ಚಾಚಿದ ಲಕೋಟೆಗೆ ಅವ್ವ ಕೈ ಮುಂದೆ ಮಾಡಲಿಲ್ಲ, ಸೆರಗಿನೊಳಗೆ ಎಳೆದುಕೊಂಡಳು. "ನೀನೇ ಇಸ್ಕೋ. ನನ್ನ ಕೈ ಬೇಡ" ಎಂದಳು. ವೀಸಾ, ಟಿಕೆಟ್ ಮತ್ತೆ ಆಗಿ ಹೊರಡುವ ದಿನ ದೇವರಿಗೆ ಕೈಮುಗಿದಳು, ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡಳು, ಸೂಟ್‌ಕೇಸಿಗೆ ಕೂಡ ಒಂದು ಬೊಟ್ಟು ಇಡಲಿಲ್ಲ. ಮನೆಗೆ ಬಂದ ಮಿಕ್ಸಿಗೂ ಕುಂಕುಮ ಹಚ್ಚಿದ್ದ ಹೆಂಗಸು. ವಿಮಾನ ನಿಲ್ದಾಣದ ಬಾಗಿಲಲ್ಲಿ ಪಾಸ್‌ಪೋರ್ಟನ್ನು ನಾನೇ ಅವಳಿಗೆ ಕೊಡಬೇಕಾಯಿತು. ಸೆರಗಿನ ತುದಿಯಲ್ಲಿ ಹಿಡಿದುಕೊಂಡು ಒಳಗೆ ಹೋದಳು.

ಸ್ವಲ್ಪ ದಿನ ಬಿಟ್ಟು, ನಾನು ಗ್ರೈಂಡರಿನ ಮುಂದೆ ನಿಂತಿದ್ದಾಗ ತಂಗಿ ಫೋನ್ ಮಾಡಿದಳು.

"ಅಣ್ಣ, ಪಾಪುಗೆ ಪಾಸ್‌ಪೋರ್ಟ್ ಮಾಡಿಸ್ಬೇಕು, ಫೋಟೋ ತೆಗಿಯೋಕೆ ಹೊರಟಿದೀವಿ. ಅವ್ವ ಬೆಳಗ್ಗೆಯಿಂದ ಮಗುಗೆ ದೃಷ್ಟಿಬೊಟ್ಟು ಇಟ್ಟಿಲ್ಲ. ನಿನ್ನನ್ನ ಕೇಳಿ ಇಡ್ತಾಳಂತೆ."

"ಅವ್ವನ ಕೈಗೆ ಕೊಡು" ಎಂದೆ. ಅವ್ವ ಫೋನ್ ತಗೊಂಡಳು.

"ಅವ್ವ, ಫೋಟೋದಲ್ಲಿ ಬರೋದು ಮುಖ ಒಂದೇ. ಕೆನ್ನೆಗೆ ಬೇಡ, ಅಂಗಾಲಿಗೆ ಇಡು."

ಆ ಕಡೆ ಕಾಡಿಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.

"ನಾನೇ ಇಡ್ಲೇನಪ್ಪ?"

"ನೀನಲ್ದೆ ಇನ್ಯಾರು ಇಡ್ತಾರೆ? ಇಡು."

ಸಂಜೆ ತಂಗಿ ಎರಡು ಫೋಟೋ ಕಳಿಸಿದಳು. ಒಂದರಲ್ಲಿ ಬಿಳಿ ಬಟ್ಟೆಯ ಮೇಲೆ ಮಗುವಿನ ಮುಖ, ಕೆನ್ನೆ ಎರಡೂ ಖಾಲಿ. ಇನ್ನೊಂದರಲ್ಲಿ ಒಂದು ಪುಟ್ಟ ಅಂಗಾಲು, ಅದನ್ನು ಹಿಡಿದ ಅವ್ವನ ಕೈ. ಕಾಡಿಗೆ ಅರ್ಧ ಅಂಗಾಲಿಗೆ ಹರಡಿತ್ತು.