ಚಿತ್ತಾಪುರದ ಟೈಪಿಸ್ಟ್ ಹರಿದ ಹಾಳೆ

ಶಹಾಬಾದಿನಲ್ಲಿ ಕಲ್ಲು ಒಡೆಯುವವನ ಮಗ ಅದೇ ಕಲ್ಲಿನ ಮೇಲೆ ಪಿಎಚ್.ಡಿ. ಮಾಡುವುದು ಎಂದಿಗೂ ಆಗದು ಎಂದವರು ಹೈದರಾಬಾದಿನ ನನ್ನ ಪ್ರೊಫೆಸರು. ನನ್ನ ಇಂಗ್ಲಿಷ್ ಪ್ರಬಂಧವನ್ನು ‘ಅರ್ಥವಾಗುವುದಿಲ್ಲ’ ಎಂದು ಎರಡು ಸಲ ಹಿಂತಿರುಗಿಸಿದರು. ಮೂರನೆಯ ಸಲವೇ ಕೊನೆಯ ಅವಕಾಶ.

ಅದನ್ನು ಟೈಪು ಮಾಡಿಸಲು ಚಿತ್ತಾಪುರದ ತಹಸೀಲ್ ಕಚೇರಿ ಎದುರು ಕೂರುತ್ತಿದ್ದ ಟೈಪಿಸ್ಟರ ಬಳಿ ಹೋದೆ. ಅವರು ಸಾಲಿನ ಮೇಲೆ ಬೆರಳಿಟ್ಟು ಓದಿ, ಕನ್ನಡಕವನ್ನು ಹಣೆಗೇರಿಸಿ, ಪ್ರತಿ ಪುಟಕ್ಕೂ ಒಂದೇ ಮಾತು ಕೇಳಿದರು: “ಯಾರ್ ಏನ್ ಮಾಡಿದ್ರು, ಅದು ಹೇಳ್ರಿ.”

“ಇದು ವಿಜ್ಞಾನರಿ. ನಿಮಗ ತಿಳಿಯಂಗಿಲ್ಲ,” ಎಂದೆ.

ಅವರು ಹಾಳೆಯನ್ನು ಹರಿದೇ ಬಿಟ್ಟರು. “ನಮ್ಮವ್ವನ ಹೊಲದ ಅರ್ಜಿನೂ ಹಿಂಗೇ ಸುತ್ತಿ ಸುತ್ತಿ ಬರದಿದ್ರು. ಸಾಹೇಬರಿಗಿ ತಿಳೀಲಿಲ್ಲ, ಹೊಲ ಹೋಯ್ತು. ನೀವು ಕಲ್ಲು ನೀರಾಗ ಇಟ್ರಿ. ಬಿರೀತೋ, ಇಲ್ಲೋ?”

ಸಿಟ್ಟು ಬಂದಿತ್ತು. ಅಲ್ಲೇ ಕುಳಿತು ಸರಳ ಇಂಗ್ಲಿಷಿನಲ್ಲಿ ಬರೆದೆ: ‘ಕಲ್ಲನ್ನು ಹತ್ತು ದಿನ ನೀರಿನಲ್ಲಿಟ್ಟೆ. ಬಿರಿಯಲಿಲ್ಲ.’ ಅವರು ಅದನ್ನು ಟೈಪು ಮಾಡಿದರು. ಇಡೀ ಪ್ರಬಂಧವನ್ನು ಹಾಗೆಯೇ ತಿದ್ದಿದೆ. ಪ್ರೊಫೆಸರಿಗೆ ಈ ಸಲ ನೆಪ ಸಿಗಲಿಲ್ಲ.

ಪಿಎಚ್.ಡಿ. ಪ್ರಮಾಣಪತ್ರವನ್ನು ಅಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಪಕ್ಕಕ್ಕಿಟ್ಟ.

“ಇದು ಇರ್ಲಿ. ಕಲ್ಲಿನ ಬಗ್ಗಿ ಏನ್ ಬರದಿ, ಅದು ಹೇಳು. ತಪ್ಪಿದ್ರ ನಾ ತಿದ್ದತೀನಿ.”