ತಾನೇ ರಿಪೇರಿ ಮಾಡುವವನು

ನನ್ನ ತಂಗಿಯ ಗಂಡನ ಕೈಗೆ ಸಿಕ್ಕಿದ ಯಾವ ವಸ್ತುವೂ ಬಿಚ್ಚಿಸಿಕೊಳ್ಳದೆ ಪಾರಾಗುವುದಿಲ್ಲ. ಫ್ಯಾನು, ಮಿಕ್ಸಿ, ಕೊನೆಗೆ ನನ್ನ ಕನ್ನಡಕವನ್ನೂ ಬಿಟ್ಟಿಲ್ಲ. ಜೋಡಿಸಿದ ಮೇಲೆ ಸ್ಕ್ರೂ ಮಿಕ್ಕರೆ, “ಕಂಪನಿಯವ್ರು ಧಾರಾಳವಾಗಿ ಹಾಕಿರ್ತಾರೆ ಅಕ್ಕ,” ಎಂದು ಜೇಬಿಗಿಳಿಸುತ್ತಾನೆ. ಮೆಕ್ಯಾನಿಕ್‌ಗಳೆಂದರೆ ಅವನಿಗೆ ಹಗಲು ದರೋಡೆಕೋರರು. ಅವನ ಹಳೇ ಕಾರಿನಲ್ಲಿ ಕ್ರೂಸ್ ಕಂಟ್ರೋಲ್ ಅಂತ ಒಂದಿದೆ. ಗುಂಡಿ ಒತ್ತಿದರೆ ಕಾಲು ತೆಗೆದರೂ ಕಾರು ಒಂದೇ ವೇಗದಲ್ಲಿ ಓಡುತ್ತದೆ, ಬ್ರೇಕ್ ಮುಟ್ಟಿದರೆ ಬಿಡುತ್ತದೆ. ಅದು ವೇಗ ಹಿಡಿದ ಕೂಡಲೇ, ಬ್ರೇಕ್ ಮುಟ್ಟದಿದ್ದರೂ, ಬಿಟ್ಟುಬಿಡುತ್ತಿತ್ತು. ದಿನಗಟ್ಟಲೆ ತಡಕಾಡಿ, ಬ್ರೇಕ್ ತುಳಿದದ್ದನ್ನು ತಿಳಿಸುವ ಸ್ವಿಚ್ಚೇ ಕಳ್ಳ ಎಂದು ಕಂಡುಹಿಡಿದು, ಅದನ್ನು ಕಿತ್ತು ತಂತಿಗಳನ್ನು ಜೋಡಿಸಿಬಿಟ್ಟ. “ನೋಡೇ, ಹೇಳಿದ ಹಾಗೆ ಕೇಳ್ತಿದೆ!” ಎಂದು ಹೆದ್ದಾರಿಯಲ್ಲಿ ಪಕ್ಕದ ಸೀಟಿನ ತಂಗಿಗೆ ತೋರಿಸುತ್ತಿದ್ದ; ನಾನು ಹಿಂದೆ ಕೂತಿದ್ದೆ. ಅಷ್ಟರಲ್ಲೇ ಮುಂದಿನ ಲಾರಿ ನಿಂತಿತು. ಅವನು ಬ್ರೇಕ್ ತುಳಿದ. ಸ್ವಿಚ್ಚಿಲ್ಲದೆ ಅದು ಕ್ರೂಸ್ ಕಂಟ್ರೋಲಿಗೆ ತಿಳಿಯಲೇ ಇಲ್ಲ, ಕಾರು ಗುರ್ರೆಂದು ಮುಂದಕ್ಕೇ ಎಳೆಯಿತು. ಕೀಲಿ ತಿರುಗಿಸಿ ನಿಲ್ಲಿಸಿದಾಗ ಲಾರಿಯ ಬೆನ್ನು ತಂಗಿಯ ಮುಖದ ಹತ್ತಿರವೇ ಇತ್ತು. ಮರುದಿನ ನನ್ನನ್ನು ಕರೆದುಕೊಂಡು ಅವನೇ ಗ್ಯಾರೇಜಿಗೆ ಹೋದ. “ಯಾವ ಪುಣ್ಯಾತ್ಮ ಸ್ವಾಮಿ ಇದನ್ನ ಮಾಡಿದ್ದು?” ಎಂದು ಮೆಕ್ಯಾನಿಕ್ ರೇಗಿದ. ಎಲ್ಲದಕ್ಕೂ ಉತ್ತರವಿರುವ ಮನುಷ್ಯ, “ಲಾರಿಗೆ ಗುದ್ದೋ ಹಾಗಾದಾಗ ಪಕ್ಕದಲ್ಲಿ ನನ್ನ ಹೆಂಡ್ತಿ ಕೂತಿದ್ಲು,” ಎಂದ. ಮತ್ತೆ ಕೇಳಿದಾಗಲೂ ಅದನ್ನೇ ಹೇಳಿದ.